ನಮ್ಮ ಮನೆಯಂಥ ಮನೆಗಳು

ಮಾರ್ಚ್ ೩, ಸೋಮವಾರ

ಖುಷಿಯಿಂದ ಒಂದು ಕಡೆ ಕೂರಲಾಗುತ್ತಿಲ್ಲ! ಸಂಜೆ ಜಿರಾಫೆ ಬೂಟು ಬಿಚ್ಚುವ ಮೊದಲೇ ಹೇಳಿದ, ಅವನ ಆಫೀಸಿನ ಡೇಟಾ ವಿಭಾಗಕ್ಕೆ ಹೊಸಬರನ್ನು ತೆಗೆದುಕೊಳ್ಳುತ್ತಾರಂತೆ. ಅನುಭವ ಬೇಡವಂತೆ. ಓದು ಮುಗಿಸಿದಾಗಿನಿಂದ ಹೋದಲ್ಲೆಲ್ಲ ‘ಅನುಭವ ಎಷ್ಟು’ ಎಂದು ಕೇಳಿಸಿಕೊಂಡು ವಾಪಸು ಬಂದವಳು ನಾನು. ಇಲ್ಲಿ ಸ್ಪ್ರೆಡ್‌ಶೀಟ್, ಕ್ವೆರಿ, ಚಾರ್ಟ್ ಇಷ್ಟು ಕಲಿತು ಪರೀಕ್ಷೆ ಪಾಸಾದರೆ ಸಾಕಂತೆ! ನನ್ನನ್ನು ಕೇಳದೆಯೇ ಸಂಜೆಯ ತರಗತಿಗೆ ಹೆಸರು ಬರೆಸಿ ಬಂದಿದ್ದಾನೆ. ಇಂಥ ಗಂಡ ಯಾರಿಗೆ ಸಿಗುತ್ತಾನೆ?

(ಜಿರಾಫೆ ಅಂದರೆ ನನ್ನ ಗಂಡ. ಮದುವೆಯ ಫೋಟೋದಲ್ಲೆಲ್ಲ ನನ್ನ ಪಕ್ಕ ಬಗ್ಗಿಕೊಂಡೇ ನಿಂತಿದ್ದಾನೆ. ಇದನ್ನು ಯಾರೂ ಓದುವುದಿಲ್ಲ, ವಿವರಣೆ ಬೇಕಿಲ್ಲ. ಆದರೂ ಅವನ ಬಗ್ಗೆ ಬರೆಯುವುದೇ ಒಂದು ಸುಖ. ಶಾಲೆಯ ಇಂಗ್ಲಿಷಿನಲ್ಲಿ ಬರೆದರೆ ಪರೀಕ್ಷೆ ಬರೆದ ಹಾಗಾಗುತ್ತದೆ. ಆದ್ದರಿಂದ ಮನೆಯ ಭಾಷೆ.)

ಅವನದು ಮನೆ ಮನೆ ಸುತ್ತುವ ಕೆಲಸ. ಬಾಗಿಲು ತಟ್ಟಿ, ಯಾವ ಸೋಪು ಬಳಸುತ್ತೀರಿ, ಬಟ್ಟೆ ಯಾರು ಒಗೆಯುತ್ತಾರೆ, ಎಲ್ಲಿ ಒಣಗಿಸುತ್ತೀರಿ ಎಂದೆಲ್ಲ ಕೇಳಿ ಟ್ಯಾಬಿನಲ್ಲಿ ತುಂಬಬೇಕು. ಸೋಪಿನ ಕಂಪನಿಗಳು ಅದನ್ನು ಕೊಂಡುಕೊಳ್ಳುತ್ತವೆ. ಅವನು ತಂದ ಉತ್ತರಗಳನ್ನು ನಾನು ಎಣಿಸುವುದು! ಒಂದೇ ಆಫೀಸು, ಒಂದೇ ಬಸ್ಸು!

ನಾದಿನಿ ಮಾತ್ರ ಕನ್ನಡಿ ಮುಂದೆ ಜಡೆ ಬಿಚ್ಚುತ್ತಾ ನಕ್ಕಳು. “ಅಣ್ಣ ಸೋಪಿನ ಕಥೆ ಕೇಳ್ಕೊಂಡು ಬರ್ತಾನೆ, ಅತ್ತಿಗೆ ಲೆಕ್ಕ ಹಾಕ್ತಾರೆ. ಇನ್ನು ಮನೇಲಿ ಸ್ನಾನ ಮಾಡೋಕೂ ಭಯ.” ಆ ನಗುವಿನಲ್ಲಿ ಏನೋ ಇತ್ತು. ಏನೆಂದು ಪತ್ತೆ ಹಚ್ಚಬೇಕು.

ಮಾರ್ಚ್ ೧೧, ಮಂಗಳವಾರ

ತರಗತಿ ಇರುವುದು ಒಂದು ಫೋಟೋಕಾಪಿ ಅಂಗಡಿಯ ಮೇಲೆ. ಕೆಳಗೆ ಯಂತ್ರ ಓಡಿದರೆ ಮೇಲೆ ನಮ್ಮ ಬೆಂಚು ನಡುಗುತ್ತದೆ. ಮೇಷ್ಟ್ರಿಗೆ ನಾನು ಇಟ್ಟ ಹೆಸರು ಅನುಮಾನದ ಮೇಷ್ಟ್ರು. ಒಳಗೆ ಬಂದವರೇ ಹಾಜರಿ ಕೂಗಿ, ನಾವು ‘ಇದ್ದೇನೆ’ ಎಂದ ಮೇಲೂ ತಲೆ ಎತ್ತಿ ಒಬ್ಬೊಬ್ಬರನ್ನೇ ನೋಡಿ ಖಾತ್ರಿ ಮಾಡಿಕೊಳ್ಳುತ್ತಾರೆ.

ಇವತ್ತು ನನ್ನ ಮಾನ ಹೋಯಿತು. ಒಂದು ಊರಿನ ಜನರ ಪಟ್ಟಿ ಕೊಟ್ಟು ವಯಸ್ಸಿನ ಪ್ರಕಾರ ಜೋಡಿಸಿ ಅಂದರು. ನಾನು ವಯಸ್ಸಿನ ಕಾಲಂ ಒಂದನ್ನೇ ಆರಿಸಿ ಜೋಡಿಸಿಬಿಟ್ಟೆ. ಉಳಿದ ಕಾಲಂಗಳು ಇದ್ದಲ್ಲೇ ಇದ್ದವು. ಎಲ್ಲರ ವಯಸ್ಸೂ ಯಾರ್ಯಾರದೋ ಪಾಲಾಯಿತು! ಮೇಷ್ಟ್ರು ನನ್ನ ಪರದೆಗೆ ಬಗ್ಗಿ ಓದಿದರು: “ಮೂರು ವರ್ಷದ ನಿವೃತ್ತ ಪೋಸ್ಟ್‌ಮಾಸ್ಟರ್. ಇವರಿಗೆ ಪಿಂಚಣಿ ಯಾರು ಕೊಟ್ಟರಮ್ಮ?”

ಇಡೀ ಬೆಂಚು ನಕ್ಕಿತು. ನಾನೂ ನಕ್ಕೆ, ಆಮೇಲೆ ಬಸ್ಸಿನಲ್ಲಿ ಸ್ವಲ್ಪ ಅತ್ತೆ.

ಮೇಷ್ಟ್ರು ಕೊನೆಯಲ್ಲಿ ಹೇಳಿದ್ದು: “ಅಂಕಿ ಸುಳ್ಳು ಹೇಳಲ್ಲ ಅಂತ ಜನ ಅಂತಾರೆ. ಹೇಳುತ್ತೆ. ಯಾರೋ ಹೇಳಿಕೊಟ್ಟಿರ್ತಾರೆ, ಅಷ್ಟೆ. ಮೊದಲು ಕೇಳಿ: ಇದನ್ನ ಬರೆದೋರು ಯಾರು? ಎಲ್ಲಿ ಕೂತು ಬರೆದ್ರು?”

ಮಾರ್ಚ್ ೨೨, ಶನಿವಾರ

ಕಲಿತದ್ದನ್ನು ಮನೆಯಲ್ಲೇ ಅಭ್ಯಾಸ ಮಾಡಬೇಕಂತೆ. ನನ್ನ ಶಾಂಪೂ ಬಾಟಲಿ ನಾನು ಬಳಸುವುದಕ್ಕಿಂತ ಬೇಗ ಇಳಿಯುತ್ತಿದೆ ಎಂಬ ಸಂಶಯ ಬಂದು ಒಂದು ವಾರ ಬಾಟಲಿಗೆ ಪೆನ್ಸಿಲಿನಿಂದ ಗೆರೆ ಎಳೆದು, ಅಂಕಿ ತುಂಬಿ, ಚಾರ್ಟ್ ಹಾಕಿದೆ. ಗೆರೆ ಚೆನ್ನಾಗಿ ಇಳಿದಿತ್ತು! ನಾದಿನಿ ಬೆಳಿಗ್ಗೆ ಕನ್ನಡಕದಂಗಡಿಗೆ ಹೊರಡುವಾಗ ಚಾರ್ಟನ್ನು ಮುಂದೆ ಹಿಡಿದೆ.

“ಇದೇನು?” ಅಂದಳು.

“ಶಾಂಪೂ. ನೀನು ರಜೆ ಇದ್ದ ದಿನ ಗೆರೆ ಜಾಸ್ತಿ ಇಳಿದಿದೆ.”

“ನಾನು ರಜೆ ಇದ್ದ ದಿನ ಅಣ್ಣನಿಗೂ ರಜೆ.” ಚೀಲ ಹೆಗಲಿಗೆ ಹಾಕಿಕೊಂಡಳು. “ಅವನ ತಲೆ ಮೂಸಿ ನೋಡಿ ಅತ್ತಿಗೆ. ನೀವಂತೂ ದಿನಾ ಮೂಸ್ತೀರಲ್ಲ.”

ಮೂಸಿದೆ. ನನ್ನದೇ ಶಾಂಪೂ. ಕಳ್ಳ! ತಬ್ಬಿಕೊಂಡೆ.

ಏಪ್ರಿಲ್ ೯, ಬುಧವಾರ

ಅರ್ಜಿ ಹಾಕಿಯಾಯಿತು. ಎರಡು ಪಟ್ಟಿಗಳನ್ನು ಒಂದು ಕ್ವೆರಿಯಿಂದ, ಅಂದರೆ ಕಂಪ್ಯೂಟರಿಗೆ ಕೇಳುವ ಒಂದು ಪ್ರಶ್ನೆಯಿಂದ, ಬೆಸೆಯುವುದು ಇವತ್ತು ಮೊದಲ ಸಲ ಸರಿಯಾಗಿ ಬಂತು. ಗುಂಡಿ ಒತ್ತಿದ ಕೂಡಲೇ ಗಂಡಂದಿರೆಲ್ಲ ಅವರವರ ಮನೆಗೆ ಹೋಗಿ ಕೂತ ಹಾಗೆ ಸಾಲುಗಳು ತಂತಮ್ಮ ಜಾಗಕ್ಕೆ ಬಂದವು. ಮೇಷ್ಟ್ರು ‘ಹೂಂ’ ಅಂದರು. ಅವರ ‘ಹೂಂ’ ಸುಲಭಕ್ಕೆ ಸಿಗುವುದಿಲ್ಲ.

ಈ ವಾರ ಜಿರಾಫೆಗೆ ದೊಡ್ಡ ರಸ್ತೆಯ ಎತ್ತರದ ಅಪಾರ್ಟ್‌ಮೆಂಟುಗಳ ಪಾಳಿ. ಮಧ್ಯಾಹ್ನಕ್ಕೇ ಮನೆಗೆ ಬಂದುಬಿಡುತ್ತಾನೆ! ಬೂಟಿನ ಮೇಲೆ ಧೂಳೂ ಇರುವುದಿಲ್ಲ. “ಲಿಫ್ಟ್ ಇದ್ಯಲ್ಲ, ಬೇಗ ಮುಗಿಯುತ್ತೆ” ಅಂದ. ಲಿಫ್ಟ್ ಕಂಡುಹಿಡಿದವರಿಗೆ ಒಳ್ಳೆಯದಾಗಲಿ.

ಏಪ್ರಿಲ್ ೨೪, ಗುರುವಾರ

ಬರವಣಿಗೆಯ ಪರೀಕ್ಷೆ ಪಾಸು!! ಆಫೀಸಿನಿಂದಲೇ ಫೋನ್ ಬಂತು. ಕೊನೆಯ ಹಂತ ಒಂದೇ ಬಾಕಿ. ಒಂದು ಕಡತ ಕಳಿಸಿದ್ದಾರೆ. ಕಳೆದ ಸೆಪ್ಟೆಂಬರಿನಿಂದ ಈ ಮಾರ್ಚಿನವರೆಗಿನ ನಿಜವಾದ ಸೋಪಿನ ಸರ್ವೆ. ಮನೆಯವರ ಹೆಸರಿಲ್ಲ, ಸರ್ವೆ ಮಾಡಿದವರ ಹೆಸರೂ ಇಲ್ಲ, ಬರೀ ನಂಬರು. ಅದನ್ನು ಶುಚಿ ಮಾಡಬೇಕು, ಚಾರ್ಟ್ ಹಾಕಬೇಕು, ಮತ್ತು ‘ಯಾವ ನಂಬರಿನವರ ಫಾರಂಗಳನ್ನು ನಂಬಬಾರದು, ಯಾಕೆ’ ಎಂದು ವಿಭಾಗದ ಮುಖ್ಯಸ್ಥೆಯ ಎದುರು ಹೇಳಬೇಕು. ಮೇ ಒಂಬತ್ತಕ್ಕೆ ಸಂದರ್ಶನ.

ಜಿರಾಫೆಗೆ ತೋರಿಸಿದೆ. ಕುಣಿಯುತ್ತಾನೆ ಅಂದುಕೊಂಡಿದ್ದೆ. ಪರದೆಯನ್ನೇ ನೋಡುತ್ತಾ ಕೂತ.

“ಇದನ್ನೇ ಕೊಟ್ರಾ?” ಅಂದ.

“ಯಾಕೆ?”

“ಏನಿಲ್ಲ. ಸುಮ್ಮನೆ ಬಣ್ಣಬಣ್ಣದ ಚಾರ್ಟ್ ಹಾಕು. ನಂಬೋದು ಗಿಂಬೋದು ಎಲ್ಲ ಜಾಸ್ತಿ ಕೆದಕೋಕೆ ಹೋಗ್ಬೇಡ. ಅವರಿಗೆ ಬೇಕಿರೋದು ಚಾರ್ಟು.”

ಕಡತದ ಜೊತೆ ಬಂದ ಕಾಗದದಲ್ಲಿ ಬೇರೆಯೇ ಬರೆದಿದೆಯಲ್ಲ. ನನ್ನ ಮೇಲೆ ಭರವಸೆ ಇಲ್ಲವೇನೋ. ಪೋಸ್ಟ್‌ಮಾಸ್ಟರ್ ಕಥೆಯನ್ನು ಅವನಿಗೆ ಹೇಳಬಾರದಿತ್ತು.

ಏಪ್ರಿಲ್ ೨೭, ಭಾನುವಾರ

ನನ್ನಂಥ ಹೆಂಗಸರು ಲೋಕದಲ್ಲಿ ಎಷ್ಟೊಂದು ಜನ ಇದ್ದಾರೆ!

ಫಾರಂನ ಕೊನೆಯಲ್ಲಿ ‘ವಿಶೇಷ ಅಭ್ಯಾಸಗಳು’ ಎಂಬ ಕಾಲಂ ಇದೆ. ಜನ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುವುದು. ಅದನ್ನು ಓದುತ್ತಾ ಹೋದರೆ ಒಬ್ಬಾಕೆ ಸೋಪಿನ ಖಾಲಿ ಹೊದಿಕೆಗಳನ್ನು ಬೀರುವಿನಲ್ಲಿ ಸೀರೆಗಳ ನಡುವೆ ಇಡುತ್ತಾಳಂತೆ. ನಾನೂ ಇಡುತ್ತೇನೆ! ನಾದಿನಿ ಅದಕ್ಕೆ ‘ಅತ್ತಿಗೆಯ ಕಸದ ಕಪಾಟು’ ಅನ್ನುತ್ತಾಳೆ. ಇನ್ನಷ್ಟು ಕೆಳಗೆ ಹೋದರೆ ಮತ್ತೊಬ್ಬಾಕೆ. ಅವಳಿಗೆ ತಲೆಗೊಂದು, ಮೈಗೊಂದು ಟವೆಲ್ಲು. ನನಗೂ! ಮಗದೊಬ್ಬಾಕೆ ಹೊಸ ಸೋಪನ್ನು ಬಿಚ್ಚಿ ವಾರಗಟ್ಟಲೆ ಗಾಳಿಗೆ ಇಟ್ಟು ಗಟ್ಟಿಯಾದ ಮೇಲೆಯೇ ಬಳಸುತ್ತಾಳೆ. ಅದು ನನ್ನ ಅಜ್ಜಿಯಿಂದ ನಾನು ಕಲಿತದ್ದು. ಎಲ್ಲರೂ ನನ್ನ ವಯಸ್ಸಿನವರೇ, ಎಲ್ಲರೂ ಹೊಸದಾಗಿ ಮದುವೆಯಾದವರೇ. ಓದುತ್ತಾ ಕಣ್ಣು ತುಂಬಿ ಬಂತು. ಅಕ್ಕತಂಗಿಯರು ಸಿಕ್ಕ ಹಾಗೆ.

ಏಪ್ರಿಲ್ ೨೮, ಸೋಮವಾರ

ಆ ಅಕ್ಕತಂಗಿಯರನ್ನೆಲ್ಲ ಫಿಲ್ಟರ್ ಹಾಕಿ ಬೇರೆ ತೆಗೆದೆ. ಎಲ್ಲರ ಮನೆಗೂ ಹೋದವರು ಒಬ್ಬರೇ. ಹದಿನಾಲ್ಕನೇ ನಂಬರು.

ಎಲ್ಲರ ಮನೆಯೂ ದೊಡ್ಡ ರಸ್ತೆಯ ಅಪಾರ್ಟ್‌ಮೆಂಟುಗಳಲ್ಲಿ.

ಜನವರಿಯಲ್ಲಿ ಹದಿನಾಲ್ಕನೇ ನಂಬರು ಒಂದೂ ಫಾರಂ ತುಂಬಿಲ್ಲ. ಜನವರಿಯಲ್ಲಿ ನಮ್ಮ ಮದುವೆ. ಅವನಿಗೆ ರಜೆ ಇತ್ತು.

ಏಪ್ರಿಲ್ ೩೦, ಬುಧವಾರ

ಎರಡು ದಿನ ಇದನ್ನೇ ತಿರುಗಿಸಿ ಮುರುಗಿಸಿ ನೋಡಿದೆ. ಮೊದಲು ನಾಚಿಕೆಯಾಯಿತು, ಬರೆದುಬಿಡುತ್ತೇನೆ, ಖುಷಿಯೂ ಆಯಿತು. ಎಲ್ಲ ಮನೆಗಳಲ್ಲೂ ಅವನಿಗೆ ನಾನೇ ಕಂಡಿದ್ದೇನೆ! ಯಾರ ಗಂಡ ಹೀಗೆ ಹೆಂಡತಿಯನ್ನು ಊರಿಗೆಲ್ಲ ಹಂಚುತ್ತಾನೆ?

ಆಮೇಲೆ ಮದುವೆಗೆ ಮುಂಚಿನ ತಿಂಗಳುಗಳನ್ನು ತೆರೆದೆ. ತೆರೆಯಬಾರದಿತ್ತು.

ಅಲ್ಲಿ ಇನ್ನೊಬ್ಬಳು ಇದ್ದಾಳೆ. ಮನೆ ಮನೆಯಲ್ಲೂ ಅವಳೇ. ಸೋಪು ತೆಳುವಾದ ಕೂಡಲೇ ಎಸೆದುಬಿಡುತ್ತಾಳೆ. ಸ್ನಾನಕ್ಕೆ ಮೊದಲು ಬಕೆಟ್ಟನ್ನು ಎರಡೆರಡು ಸಲ ತೊಳೆಯುತ್ತಾಳೆ. ಬಿಳಿ ಬಟ್ಟೆಯನ್ನು ಬಿಸಿಲಿಗೆ ಹಾಕುವುದಿಲ್ಲ, ನೆರಳಿನಲ್ಲೇ ಒಣಗಿಸುತ್ತಾಳೆ, ಹಳದಿಯಾಗುತ್ತದಂತೆ. ಬಟ್ಟೆ ಒಗೆಯುವಾಗ ಯಾರಾದರೂ ಮಾತಾಡಿಸಿದರೆ ಸಿಟ್ಟಾಗುತ್ತಾಳೆ.

ಅವಳು ಬಕೆಟ್ ತೊಳೆಯುವುದನ್ನು ಇವನು ಎಲ್ಲಿ ನಿಂತು ನೋಡಿದ?

ಮೇ ೧, ಗುರುವಾರ

ಅವನ ಹಳೆಯ ಅಂಗಿಗಳನ್ನೆಲ್ಲ ತೆಗೆದು ನೋಡಿದೆ. ಬಿಳಿಯವು ಒಂದೂ ಹಳದಿಯಾಗಿಲ್ಲ. ಯಾರೋ ನೆರಳಿನಲ್ಲಿ ಒಣಗಿಸಿದ್ದಾರೆ.

ಸಂಜೆ ಬಂದು “ಯಾಕೆ ಮುದ್ದು, ಮುಖ ಹಿಂಗಿದೆ?” ಅಂದ. ‘ಮುದ್ದು’ ಅನ್ನುವುದು ನನಗಾಗಿ ಹುಟ್ಟಿದ ಮಾತೋ, ಅವಳಿಂದ ಉಳಿದದ್ದೋ? ತಲೆನೋವು ಅಂದೆ. ಮಾತ್ರೆ ತಂದುಕೊಟ್ಟ. ತಲೆ ಸವರಿದ. ಚೆನ್ನಾಗಿ ಸವರುತ್ತಾನೆ. ಅಭ್ಯಾಸ ಇದ್ದವರ ಹಾಗೆ.

ಮೇ ೩, ಶನಿವಾರ

ನಾನು ಎಂಥ ಪೆದ್ದಿ! ನಗಲೋ ಅಳಲೋ?

ನಾದಿನಿಯಿಂದಲೇ ಬಾಯಿ ಬಿಡಿಸಬೇಕೆಂದು ಬೆಳಿಗ್ಗೆಯಿಂದ ಹೊಂಚು ಹಾಕಿದ್ದೆ. ಅವಳು ಬಚ್ಚಲಿನ ಬಾಗಿಲಲ್ಲಿ ನಿಂತು ಬಕೆಟ್ ಉಜ್ಜುತ್ತಿದ್ದಳು. ನಾನು ಏನೂ ಗೊತ್ತಿಲ್ಲದವಳಂತೆ, “ಮದುವೆಗೆ ಮುಂಚೆ ನಿಮ್ಮಣ್ಣನ ಬಟ್ಟೆ ಯಾರು ಒಗೀತಿದ್ರು?” ಅಂದೆ.

“ಯಾರು ಒಗೀತಾರೆ? ನಾನೇ.”

“ಬಿಳೀದೂ?”

“ಬಿಳೀದೂ, ಕರೀದೂ, ಸಾಕ್ಸೂ. ಅವನೇನು ರಾಜಕುಮಾರ ನೋಡಿ.” ನೀರು ಚೆಲ್ಲಿದಳು, ಮತ್ತೆ ಉಜ್ಜಿದಳು. “ಈಗ ಕೇಳಿದ್ರಿ ಅಂತ ಹೇಳ್ತೀನಿ ಅತ್ತಿಗೆ. ನನ್ನ ಅಂಗಡಿಯ ಬಿಳಿ ಕೋಟನ್ನ ನೀವು ಬಿಸಿಲಿಗೆ ಹಾಕ್ತೀರಿ. ಹಳದಿ ಆಗ್ತಿದೆ. ಹೊಸಬರು, ಮೊದಲ ದಿನಾನೇ ಯಾಕೆ ಅಂತ ಸುಮ್ಮನಿದ್ದೆ.”

ಅವಳನ್ನು ಬಕೆಟ್ ಸಮೇತ ತಬ್ಬಿಕೊಂಡೆ. “ಏನಾಯ್ತು ಇವರಿಗೆ, ಬಿಡಿ, ನೊರೆ!” ಎಂದು ಕೂಗಿಕೊಂಡಳು. ನಾಲ್ಕು ದಿನ ನಾನು ಹುರಿದುಕೊಂಡದ್ದು ಈ ತಾಟಗಿತ್ತಿಯನ್ನು ನೋಡಿ! ಒಬ್ಬಳೂ ಇಲ್ಲ, ಯಾರೂ ಇಲ್ಲ, ಅವನ ತಂಗಿ! ಮಧ್ಯಾಹ್ನವೆಲ್ಲ ಹಾಡಿಕೊಂಡು ಮನೆ ಗುಡಿಸಿದೆ. ಬಿಳಿ ಕೋಟನ್ನು ನಾನೇ ನೆರಳಿಗೆ ಹಾಕಿದೆ.

ಸಂಜೆ ಮತ್ತೆ ಕಡತ ತೆರೆದು ಕೂತಾಗ ಕೈ ನಿಂತಿತು. ಇಷ್ಟು ದಿನ ನಾನು ಹುಡುಕಿದ್ದು ಒಬ್ಬ ಹೆಂಗಸನ್ನು. ಅವಳು ಇಲ್ಲ ಅಂದರೆ ಆ ಮನೆಗಳೂ ಇಲ್ಲ. ಆ ಬಾಗಿಲುಗಳನ್ನು ಯಾರೂ ತಟ್ಟಿಲ್ಲ.

ಮೇ ೪, ಭಾನುವಾರ

ಒಗೆದ ಬಟ್ಟೆ ತೆಗೆದುಕೊಂಡು ಇಬ್ಬರೂ ತಾರಸಿಗೆ ಹೋದೆವು. ಅವನು ಎತ್ತರ ಇರುವುದರಿಂದ ತಂತಿಗೆ ಹಾಕುವುದು ಅವನ ಕೆಲಸ, ಹಿಂಡಿ ಕೊಡುವುದು ನನ್ನದು.

“ಹದಿನಾಲ್ಕನೇ ನಂಬರು ನೀನಾ?” ಅಂದೆ.

ಕೈಯಲ್ಲಿ ಬೆಡ್‌ಶೀಟ್ ಇತ್ತು. ಅದನ್ನು ತಂತಿಯ ಮೇಲೆ ಹರಡಿ, ಅದರ ಹಿಂದೆಯೇ ನಿಂತು ಹೇಳಿದ, “ಗೊತ್ತಾಯ್ತಾ?”

“ನನ್ನ ಸೋಪಿನ ಹೊದಿಕೆ ಬರೆದಿದೀಯಲ್ಲ.”

“ಅಲ್ಲಿ ಗೇಟಲ್ಲೇ ಬಿಡಲ್ಲ ಕಣೇ. ಸೆಕ್ಯುರಿಟಿಯವನು ಯಾರ ಮನೆಗೆ ಅಂತಾನೆ. ಯಾರ ಮನೆಗೂ ಅಲ್ಲ, ಎಲ್ಲರ ಮನೆಗೂ ಅಂದ್ರೆ ಹೋಗಯ್ಯಾ ಅಂತಾನೆ. ಒಳಗೆ ಹೋದ್ರೂ ಬಾಗಿಲು ತೆಗೆಯಲ್ಲ. ಖಾಲಿ ಫಾರಂ ತಗೊಂಡು ಹೋದ್ರೆ ಆಫೀಸಲ್ಲಿ ಎಲ್ಲರೆದುರು ನಿಲ್ಲಿಸಿ ಬೈತಾರೆ. ಏನ್ ಮಾಡ್ಲಿ?”

“ಅದಕ್ಕೆ?”

“ಅದಕ್ಕೆ ಬಸ್ ಸ್ಟಾಪಲ್ಲಿ ಕೂತು ತುಂಬಿದೆ.” ಬೆಡ್‌ಶೀಟಿನ ಮೇಲಿನಿಂದ ಮುಖ ಕಾಣಿಸಿತು. “ಸುಳ್ಳು ಬರೀಲಿಲ್ಲ ನಾನು. ಬಾಯಿಗೆ ಬಂದಿದ್ದು ಬರೀಬಹುದಿತ್ತು. ನಮ್ಮನೇದನ್ನೇ ಬರೆದೆ. ನಮ್ಮನೇನೂ ಮನೇನೇ ತಾನೆ?”

ಅವನು ಅದನ್ನು ನಿಜವಾಗಿಯೂ ನಂಬಿದ್ದ. ಮುಖ ನೋಡಿದರೆ ಗೊತ್ತಾಗುತ್ತಿತ್ತು. ನನಗೆ ನಗು ಬರುವಂತಾಯಿತು, ಬರಲಿಲ್ಲ. ಅಷ್ಟೊಂದು ಬಾಗಿಲುಗಳ ಹಿಂದೆ ಇರುವವರು ಯಾವ ಸೋಪು ಬಳಸುತ್ತಾರೋ ಯಾರಿಗೂ ಗೊತ್ತಿಲ್ಲ; ಅವರ ಜಾಗದಲ್ಲೆಲ್ಲ ನಾವು ಮೂವರು ಸ್ನಾನ ಮಾಡುತ್ತಿದ್ದೇವೆ.

“ಸಂದರ್ಶನದಲ್ಲಿ ಏನು ಹೇಳ್ತೀಯಾ?” ಅಂದ.

ಬಕೆಟ್ಟಿನಲ್ಲಿ ಇನ್ನೂ ಬಟ್ಟೆ ಇತ್ತು. ಹಿಂಡಿ ಕೊಟ್ಟೆ.

ಮೇ ೬, ಮಂಗಳವಾರ

ತರಗತಿಯಲ್ಲಿ ಮೇಷ್ಟ್ರು ಏನು ಹೇಳಿದರೋ ಕಿವಿಗೆ ಬೀಳಲಿಲ್ಲ. ನನ್ನ ತಲೆಯಲ್ಲಿ ಒಂದೇ ಮಾತು. ತರಗತಿಗೆ ಹೆಸರು ಬರೆಸಿದ್ದು ಯಾರು? ಕೇಳದೆಯೇ. ಡೇಟಾ ವಿಭಾಗಕ್ಕೇ. ಫಾರಂಗಳನ್ನು ಸೋಸುವ ಮೇಜಿಗೇ.

ತನ್ನ ಫಾರಂಗಳನ್ನು ಕಣ್ಣು ಮುಚ್ಚಿ ಪಾಸು ಮಾಡುವವಳು ಆ ಮೇಜಿನಲ್ಲಿ ಕೂತಿದ್ದರೆ ಎಷ್ಟು ಅನುಕೂಲ.

ಬಸ್ಸಿಳಿದು ಮನೆಗೆ ನಡೆಯುವಾಗ ಒಂದೊಂದೇ ನೆನಪು ತೆಗೆದು ತಿರುಗಿಸಿ ನೋಡಿದೆ. ಮಾರ್ಚಿನ ಆ ಸಂಜೆ ಬೂಟು ಬಿಚ್ಚುವ ಮೊದಲೇ ಯಾಕೆ ಹೇಳಿದ? ಅವಸರ ಏನಿತ್ತು? ನಾನು ಕುಣಿದಾಗ ಅವನ ಮುಖ ಹೇಗಿತ್ತು? ನೆನಪಾಗಲಿಲ್ಲ. ನಾನು ಅವತ್ತು ಅವನ ಮುಖ ನೋಡಿಯೇ ಇರಲಿಲ್ಲ, ಅವನ ಕತ್ತಿಗೆ ಜೋತುಬಿದ್ದಿದ್ದೆ.

ಬಾಗಿಲು ತೆರೆದವನನ್ನು ಅಲ್ಲಿಯೇ ನಿಲ್ಲಿಸಿ ಕೇಳಿದೆ. “ನನ್ನನ್ನ ಅಲ್ಲಿ ಕೂರಿಸೋಕೆ ಹೊರಟಿದ್ದು ಇದಕ್ಕಾ?”

“ಛೆ, ಅಷ್ಟು ಬುದ್ಧಿ ಇದ್ದಿದ್ರೆ ನಾನೇ ಆ ಮೇಜಲ್ಲಿ ಕೂತಿರ್ತಿದ್ದೆ.”

ನಾನು ನಗಲಿಲ್ಲ. ಅವನ ನಗುವೂ ಮುಖದಿಂದ ಇಳಿಯಿತು.

“ಮೊದಲು ಇಲ್ಲ,” ಅಂದ. “ಆಣೆ. ನೀನು ಕೆಲಸ ಸಿಗಲ್ಲ ಅಂತ ಅಳ್ತಿದ್ದೆ, ಅದಕ್ಕೆ. ಆಮೇಲೆ... ಒಂದ್ಸಲ ಅನ್ನಿಸ್ತು. ನೀನಿದ್ರೆ ಭಯ ಇರಲ್ಲ ಅಂತ.”

“ಒಂದೇ ಸಲಾನಾ?”

ಬಾಗಿಲಿನ ಚಿಲಕವನ್ನು ಹಾಕಿ ತೆಗೆದ. “ಇಲ್ಲ.”

ಊಟಕ್ಕೆ ಕೂತಾಗ ಮತ್ತೆ ಅವನೇ ಮಾತು ತೆಗೆದ. “ನಂಬರ್ ಹೇಳು. ಹೆಸರು ಹೇಳ್ಬೇಡ. ಕೆಲಸಾನೂ ಸಿಗುತ್ತೆ, ನಾನೂ ಉಳ್ಕೋತೀನಿ. ಹದಿನಾಲ್ಕು ಯಾರು ಅಂತ ಅವರು ಹುಡುಕ್ಕೊಳ್ಳೋ ಹೊತ್ತಿಗೆ ನಾನು ಏನಾದ್ರೂ ಮಾಡ್ತೀನಿ. ಅಷ್ಟು ಮಾಡ್ತೀಯಾ?”

“ಕೇಳಿದ್ರೆ?”

ನಾದಿನಿ ಇಬ್ಬರ ಮುಖವನ್ನೂ ನೋಡಿ, ಪಲ್ಯದ ಪಾತ್ರೆ ನಮ್ಮ ನಡುವೆ ಇಟ್ಟು ತನ್ನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮೇ ೯, ಶುಕ್ರವಾರ

ಮುಖ್ಯಸ್ಥೆಯ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಗೋಡೆಗೆ ಒಂದು ಪರದೆ. ಗಿಡ್ಡ ಕೂದಲು, ಕುತ್ತಿಗೆಗೆ ಸರಕ್ಕೆ ಕಟ್ಟಿದ ಕನ್ನಡಕ. ನನ್ನ ಚಾರ್ಟುಗಳನ್ನು ಒಂದರ ಹಿಂದೆ ಒಂದು ನೋಡಿದರು. ಬಣ್ಣಗಳ ಬಗ್ಗೆ ಒಂದು ಮಾತೂ ಬರಲಿಲ್ಲ.

“ಹದಿನಾಲ್ಕನೇ ನಂಬರಿನ ಅಪಾರ್ಟ್‌ಮೆಂಟ್ ಫಾರಂಗಳನ್ನ ತೆಗೆದುಹಾಕಬೇಕು ಅಂತ ಬರೆದಿದೀರಿ. ಯಾಕೆ?”

ಉಳಿದವರ ಉತ್ತರಗಳು ಚೆಲ್ಲಾಪಿಲ್ಲಿಯಾಗಿ ಹರಡಿರುವುದನ್ನು ತೋರಿಸಿದೆ. ಜನ ಇರುವುದೇ ಹಾಗೆ. ಹದಿನಾಲ್ಕರದು ಮಾತ್ರ ಒಂದೇ ಕಡೆ ಗುಡ್ಡೆ ಬಿದ್ದಿದೆ. ಮತ್ತೆ ಜನವರಿಯ ನಂತರ ಗುಡ್ಡೆ ಇಡಿಯಾಗಿ ಇನ್ನೊಂದು ಕಡೆಗೆ ಸರಿದಿದೆ, ಅಷ್ಟೂ ಮನೆಯವರು ಒಂದೇ ದಿನ ಸ್ವಭಾವ ಬದಲಿಸಿಕೊಂಡ ಹಾಗೆ. ಗುಡ್ಡೆಯ ಬಗ್ಗೆ ಹೇಳುವಾಗ ನನಗೆ ಅದು ಯಾರದೆಂಬುದೇ ಮರೆತಿತ್ತು. ಕೆಲಸ ಹಿಡಿಸಿತ್ತು.

“ಒಂದೇ ಥರದ ಜನ ಒಂದೇ ಕಟ್ಟಡದಲ್ಲಿ ಇರಬಹುದಲ್ಲ?” ಅಂದರು. “ಜನವರಿ ಆದ್ಮೇಲೆ ಬೇರೆ ಕಟ್ಟಡಕ್ಕೆ ಹೋಗಿರಬಹುದು.”

“ಇರಬಹುದು.”

“ಅಂದ್ರೆ ನಿಮ್ಮದು ಅನುಮಾನ. ಪುರಾವೆ ಅಲ್ಲ.”

ಅಲ್ಲಿಗೆ ಮುಗಿಸಬಹುದಿತ್ತು. ‘ಹೌದು ಮೇಡಂ, ಅನುಮಾನ’ ಎಂದಿದ್ದರೆ ಅದು ಸರಿಯಾದ ಉತ್ತರವೇ. ತರಗತಿಯಲ್ಲಾಗಿದ್ದರೆ ‘ಹೂಂ’ ಸಿಗುತ್ತಿತ್ತು. ಅವರು ಪೆನ್ನು ಎತ್ತಿಕೊಂಡು ಅದನ್ನೇ ಬರೆಯಲು ಹೊರಟಿದ್ದರು.

“ಪುರಾವೆ ಇದೆ,” ಅಂದೆ. “ಆ ಮನೆ ನಮ್ಮದು. ಹದಿನಾಲ್ಕನೇ ನಂಬರು ನನ್ನ ಗಂಡ.”

ಪೆನ್ನು ನಿಂತಿತು. ಅವರು ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದರು. “ಇದನ್ನ ಹೇಳಿದ್ರೆ ಕೆಲಸ ಸಿಗುತ್ತೆ ಅಂತ ಹೇಳ್ತಿದೀರಾ?”

ಒಳ್ಳೆಯ ಪ್ರಶ್ನೆ. ನಾನೂ ನನ್ನನ್ನು ಎರಡು ದಿನದಿಂದ ಅದನ್ನೇ ಕೇಳಿಕೊಂಡಿದ್ದೆ. “ಗೊತ್ತಿಲ್ಲ ಮೇಡಂ. ಸ್ವಲ್ಪ ಅದಕ್ಕೂ ಇರಬಹುದು. ಆದರೆ ಆ ಸಾಲುಗಳನ್ನ ನೋಡ್ಕೊಂಡು ಸುಮ್ಮನಿರೋಕೆ ಆಗ್ತಿಲ್ಲ. ಅಲ್ಲಿ ಬೇರೆ ಯಾರೋ ಇರಬೇಕಿತ್ತು.”

ಅವರು ಫೋನ್ ಎತ್ತಿ ಅವನನ್ನು ಕರೆಸಿದರು. ನನ್ನನ್ನು ಹೊರಗೆ ಕೂರಿಸಿದರು. ಒಳಗಿನ ಮಾತು ಕೇಳಿಸಲಿಲ್ಲ. ಅವನು ಒಳಗೆ ಹೋಗುವಾಗ ಬಾಗಿಲ ಚೌಕಟ್ಟಿಗೆ ತಲೆ ತಗುಲದಂತೆ ಬಗ್ಗಿದ. ಹೊರಗೆ ಬಂದಾಗಲೂ ಬಗ್ಗಿಕೊಂಡೇ ಇದ್ದ.

ಬಸ್ಸಿನಲ್ಲಿ ಅಕ್ಕಪಕ್ಕವೇ ಕೂತೆವು. ನನ್ನ ಚೀಲ ಅವನ ತೊಡೆಯ ಮೇಲಿತ್ತು.

ಮೇ ೧೯, ಸೋಮವಾರ

ಕೆಲಸ ಸಿಕ್ಕಿತು. ಮುಂದಿನ ಸೋಮವಾರದಿಂದ.

ಅವನನ್ನು ತೆಗೆದುಹಾಕಿಲ್ಲ. ತರಬೇತಿಯವರ ಸಾಲಿಗೆ ಇಳಿಸಿದ್ದಾರೆ. ಆ ಮನೆಗಳಿಗೆಲ್ಲ ಮತ್ತೆ ಹೋಗಬೇಕು, ಈ ಸಲ ಗೇಟಿನವನಿಗೆ ತೋರಿಸಲು ಆಫೀಸಿನ ಪತ್ರ ಇರುತ್ತದೆ. ಖಾಲಿ ಫಾರಂ ತಂದವರನ್ನು ಎಲ್ಲರೆದುರು ಬೈದವರು ತಾವೇ ಎಂದು ಮುಖ್ಯಸ್ಥೆ ಅವನೆದುರು ಒಪ್ಪಿಕೊಂಡರಂತೆ. ಇನ್ನೊಂದು ಸಲ ಹೀಗಾದರೆ ಮಾತಿಲ್ಲ ಅಂದರಂತೆ. ಅವನ ಫಾರಂಗಳನ್ನು ಫೋನ್ ಮಾಡಿ ತಾಳೆ ನೋಡುವ ಕೆಲಸ ನನಗೇ. ನಾನು “ಗಂಡ ಹೆಂಡತಿ ಆದ್ರೆ ಸರಿಯಾಗುತ್ತಾ ಮೇಡಂ?” ಎಂದು ಕೇಳಿದ್ದಕ್ಕೆ, “ನಿಮ್ಮಷ್ಟು ಅನುಮಾನ ಈ ಕಟ್ಟಡದಲ್ಲಿ ಯಾರಿಗೂ ಇಲ್ಲ. ನೀವು ನೋಡಿದ್ಮೇಲೆ ಒಂದು ಸಲ ನಾನೂ ನೋಡ್ತೀನಿ, ನಿಮ್ಮನ್ನ” ಅಂದರು.

ನಾದಿನಿಗೆ ಅವನೇ ಎಲ್ಲ ಹೇಳಿದ. ಅವಳು ನನ್ನೊಡನೆ ಮಾತು ಬಿಟ್ಟಿದ್ದಳು. ಇವತ್ತು ಸಿಹಿ ತಂದಿದ್ದೆ. ಪೊಟ್ಟಣ ನೋಡಿ, “ಅಣ್ಣನ್ನ ಹಿಡಿದುಕೊಟ್ಟಿದ್ದಕ್ಕಾ?” ಅಂದಳು.

“ಕೆಲಸ ಸಿಕ್ಕಿದ್ದಕ್ಕೆ.”

“ಎರಡೂ ಒಂದೇ ತಾನೆ ಅತ್ತಿಗೆ.”

ಅಲ್ಲ ಎಂದು ಬಿಡಿಸಿ ತೋರಿಸಲು ನನ್ನ ಬಳಿ ಚಾರ್ಟ್ ಇಲ್ಲ. ಅವನು ಒಂದು ತುಂಡು ತೆಗೆದುಕೊಂಡು ತಿಂದ. ಇನ್ನೊಂದನ್ನು ಮುರಿದು ತಂಗಿಯ ಬಾಯಿಗೆ ಹಿಡಿದ. ಅವಳು ಮುಖ ತಿರುಗಿಸಿದಳು, ಆಮೇಲೆ ಕೈಯಲ್ಲಿ ಇಸಿದುಕೊಂಡಳು.

ಜೂನ್ ೧೮, ಬುಧವಾರ

ಇವತ್ತು ಅವನ ಹೊಸ ಫಾರಂಗಳು ನನ್ನ ಮೇಜಿಗೆ ಬಂದವು. ಅದೇ ದೊಡ್ಡ ರಸ್ತೆ. ಅರ್ಧಕ್ಕಿಂತ ಹೆಚ್ಚು ಖಾಲಿ. ‘ಬಾಗಿಲು ತೆಗೆಯಲಿಲ್ಲ.’ ‘ಬಾಗಿಲು ತೆಗೆಯಲಿಲ್ಲ.’ ‘ನಾಯಿ ಬೊಗಳಿತು, ಬಾಗಿಲು ತೆಗೆಯಲಿಲ್ಲ.’ ತೆಗೆದ ಮನೆಗಳು ಒಂದರ ಹಾಗೆ ಇನ್ನೊಂದಿಲ್ಲ. ಒಬ್ಬ ಮುದುಕರು ಪಾತ್ರೆ ತೊಳೆಯುವ ಸೋಪಿನಲ್ಲೇ ಸ್ನಾನ ಮಾಡುತ್ತಾರಂತೆ. ಒಬ್ಬಾಕೆ ಯಾವ ಸೋಪೆಂದು ಹೇಳಲು ಒಪ್ಪದೆ ಇವನಿಗೆ ವಿಮೆ ಮಾರಲು ನೋಡಿದಳಂತೆ. ಇಂಥದ್ದನ್ನು ಬಸ್ ಸ್ಟಾಪಿನಲ್ಲಿ ಕೂತು ಹುಟ್ಟಿಸಲು ಅವನಿಂದಾಗದು.

ಆದರೂ ಖಾಲಿ ಬಿಟ್ಟವುಗಳಲ್ಲಿ ಒಂದನ್ನು ಆರಿಸಿ, ಕಟ್ಟಡದ ಪಟ್ಟಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಸೋಮಾರಿತನಕ್ಕೆ ಖಾಲಿ ಬಿಡುವುದೂ ಸುಲಭ.

“ನಿಮ್ಮ ಮನೆಗೆ ಮೊನ್ನೆ ಸರ್ವೆಯವರು ಬಂದಿದ್ರಾ?”

“ಯಾರೋ ಬಂದಿದ್ದ,” ಅಂತು ಆ ಕಡೆಯ ಹೆಂಗಸಿನ ದನಿ. “ಕಿಂಡೀಲಿ ನೋಡಿದ್ರೆ ಬರೀ ಕುತ್ತಿಗೆ ಕಾಣಿಸ್ತಿತ್ತು. ತೆಗೀಲಿಲ್ಲಪ್ಪ. ಎರಡು ಸಲ ಬಂದ. ಈಗ ನೀವು ಫೋನ್ ಮಾಡ್ತಿದೀರಿ. ನೀವ್ಯಾರು ಅಂತ ನಂಗೇನ್ ಗೊತ್ತು?” ಇಟ್ಟುಬಿಟ್ಟಳು.

ಸರಿ ಎಂದು ಗುರುತು ಹಾಕಿದೆ. ಮುಂದಿನ ಫಾರಂ ತೆಗೆದೆ.

ನಾನು ಮನೆಗೆ ಬಂದು ಎಷ್ಟೋ ಹೊತ್ತಾದ ಮೇಲೆ ಅವನು ಬಂದ. ಬೂಟಿನ ತುಂಬ ಧೂಳು, ಅಂಗಿ ಬೆನ್ನಿಗೆ ಅಂಟಿತ್ತು. ಗೋಡೆಗೆ ಒರಗಿ ಕೂತು ಕಣ್ಣು ಮುಚ್ಚಿದ.

“ಊಟ ಆಯ್ತಾ?” ಅಂದೆ.

“ಆಯ್ತು. ಹೊರಗೆ ತಿಂದೆ. ನೀನು ಸುಮ್ಮನೆ ಎದ್ದು ಓಡಾಡ್ಬೇಡ.”

ಮುಖ ನೋಡಿದೆ. ನಂಬಲಿಲ್ಲ. ತಟ್ಟೆ ಹಾಕಿ ಬಡಿಸಿದೆ. ಎರಡು ಸಲ ಹಾಕಿಸಿಕೊಂಡು ತಿಂದ.